ಒಬ್ಬರೇ ಮರಳಿ ಬರುವವರಿಗೂ ಊರಿನಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಒಬ್ಬರೇ ಪ್ರವಾಸ ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಪರಊರುಗಳಲ್ಲಿ ಪಡುವ ಪಾಡಿನ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತಿರುತ್ತವೆ. ಅಂಥವರು ಬೆಂಗಳೂರಿಗೆ ಮರಳಿದ ಮೊದಲ ಕೆಲವು ದಿನಗಳ ಪಾಡನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಾಡಿಗೆ ಮನೆಯನ್ನು ಖಾಲಿ ಮಾಡಿ, ವಾರಾಣಸಿ, ಹೃಷಿಕೇಶಗಳ ಕಡೆ ಬಹುಕಾಲ ಸುತ್ತಾಡಿ ಈಚೆಗೆ ವಾಪಸಾದ ನನಗೆ ಅಲ್ಲೆಲ್ಲೂ ಎದುರಾಗದ ಪ್ರಶ್ನೆಗಳು ನನ್ನದೇ ಊರಿನಲ್ಲಿ ಎದುರಾದವು.

ದೂರದ ರೈಲುಗಳಲ್ಲಿ ಮತ್ತು ರಾತ್ರಿ ಬಸ್ಸುಗಳಲ್ಲಿ ಬರುವ ಬಹಳಷ್ಟು ಮಂದಿ ಮೆಜೆಸ್ಟಿಕ್ ತಲುಪುವುದು ನಸುಕಿನಲ್ಲಿ. ವಾರಾಂತ್ಯಕ್ಕೆ ಊರಿಗೆ ಹೋದವರ ಅನುಕೂಲಕ್ಕೆಂದು 2025ರ ಜನವರಿಯಿಂದ ಪ್ರತಿ ಸೋಮವಾರ ಮೆಟ್ರೊ ಸಂಚಾರ ಬೆಳಗಿನ ಜಾವ 4.15ಕ್ಕೇ ಆರಂಭವಾಗುತ್ತಿರುವುದು ಮೆಚ್ಚಬೇಕಾದ ಸಂಗತಿ. ಆದರೆ ಭಾನುವಾರ ಬಂದಿಳಿದವರು 7 ಗಂಟೆಯವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಸಾಮಾನು ಹೊತ್ತು ನಿಂತವರಿಗೆ ಉಳಿಯುವುದು ಬಹುಮಟ್ಟಿಗೆ ಆಟೊ. 2025ರ ಆಗಸ್ಟ್‌ನಲ್ಲಿ ಪರಿಷ್ಕೃತವಾದ ದರದ ಪ್ರಕಾರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಅನಂತರ ಪ್ರತಿ ಕಿ.ಮೀ.ಗೆ 18 ರೂಪಾಯಿ, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಇದರ ಒಂದೂವರೆ ಪಟ್ಟು, 20 ಕೆ.ಜಿ.ವರೆಗಿನ ಲಗೇಜಿಗೆ ಹೆಚ್ಚುವರಿ ಶುಲ್ಕವಿಲ್ಲ. ಅಂದರೆ 8 ಕಿ.ಮೀ. ದೂರಕ್ಕೆ ರಾತ್ರಿ ದರದಲ್ಲೂ 216 ರೂಪಾಯಿ ಆಗಬೇಕು. ಅಷ್ಟೇ ದೂರಕ್ಕೆ ನನ್ನ ಬಳಿ ಕೇಳಿದ್ದು 500 ರೂಪಾಯಿ. ಚಾಲಕರು ಎಲ್ಲಿಗೆ ಹೋಗಬೇಕು ಎನ್ನುವುದಕ್ಕೂ ಮೊದಲು ‘ಮೇಡಂ, ಒಬ್ರೇನಾ?’ ಎಂದು ಕೇಳಿ, ಆಮೇಲೆ ಬಾಡಿಗೆ ಹೇಳಿದ್ದನ್ನು ಗಮನಿಸಬೇಕು. ಎಲ್ಲ ಚಾಲಕರೂ ಹೀಗಲ್ಲ ಎಂಬುದು ನನಗೂ ಗೊತ್ತು. ಆದರೆ ಪ್ರೀಪೇಯ್ಡ್ ಆಟೊ ಕೌಂಟರುಗಳು ಹೆಚ್ಚು ಬೇಕಾಗುವುದೇ ನಸುಕಿನ ಈ ಎರಡು–ಮೂರು ಗಂಟೆಗಳಲ್ಲಿ.

ಇನ್ನು ಸಾಮಾನಿನ ವಿಷಯ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಒಬ್ಬರು ಚೀಲ ಕಾಯುತ್ತಾರೆ, ಇನ್ನೊಬ್ಬರು ಶೌಚಾಲಯಕ್ಕೆ ಹೋಗಿ ಬರುತ್ತಾರೆ. ಒಬ್ಬರೇ ಇದ್ದವರು ಅದನ್ನು ಹೊತ್ತುಕೊಂಡೇ ಒದ್ದೆ ನೆಲದ ಇಕ್ಕಟ್ಟಿನ ಕೋಣೆಯೊಳಗೆ ಹೋಗಬೇಕು. ರೈಲು ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಸಾಮಾನು ಇಡಲು ಪ್ರಯಾಣದ ಟಿಕೆಟ್ ಇರಬೇಕು, ಚೀಲಕ್ಕೆ ಬೀಗವೂ ಇರಬೇಕು. ಬಸ್ಸಿನಲ್ಲಿ ಬಂದವರ ಬಳಿ ರೈಲು ಟಿಕೆಟ್ ಇರುವುದಿಲ್ಲ. ಬೆನ್ನಿಗೆ ಹಾಕುವ, ಬಾಯಿಗೆ ದಾರ ಬಿಗಿಯುವ ಚೀಲಕ್ಕೆ ಬೀಗ ಹಾಕುವುದಾದರೂ ಎಲ್ಲಿಗೆ? ಕೊನೆಗೆ ನನ್ನ ಚೀಲವನ್ನು ಕಾದವರು ರಸ್ತೆ ಬದಿಯಲ್ಲಿ ಮೊಳದ ಲೆಕ್ಕದಲ್ಲಿ ಸೇವಂತಿಗೆ ಮಾರುತ್ತಿದ್ದ ಒಬ್ಬ ಅಜ್ಜಿ. ‘ಇಲ್ಲೇ ಇಟ್ಟು ಹೋಗವ್ವ, ನಾನು ನೋಡ್ಕತೀನಿ’ ಎಂದು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ಅವರ ಉಪಕಾರ ದೊಡ್ಡದು, ಆದರೆ ಇಷ್ಟು ದೊಡ್ಡ ನಗರ ಅವರ ಉಪಕಾರವನ್ನೇ ನೆಚ್ಚಿಕೊಂಡಿರಬಾರದು. ಬಸ್ಸು, ರೈಲು, ಮೆಟ್ರೊ ಮೂರೂ ಕೂಡುವ ಮೆಜೆಸ್ಟಿಕ್‌ನಲ್ಲಿ ಯಾವ ಟಿಕೆಟನ್ನೂ ಕೇಳದೆ, ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಸಾಮಾನು ಇಟ್ಟುಕೊಳ್ಳುವ ಲಾಕರುಗಳ ವ್ಯವಸ್ಥೆ ಆಗಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ತಂಗುವ ಕೋಣೆಯ ಸಮಸ್ಯೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಒಂದೇ ದಿನಕ್ಕೆ ಸಿಗುವಂಥದ್ದಲ್ಲ. ಬ್ರೋಕರ್‌ಗಳು, ಮುಂಗಡ, ಕರಾರು ಪತ್ರ ಎಂದು ದಿನಗಳು ಉರುಳುತ್ತವೆ. ಅಲ್ಲಿಯವರೆಗೆ ವಸತಿಗೃಹವೇ ಗತಿ. ಆನ್‌ಲೈನ್‌ನಲ್ಲಿ ಹಣ ಪಾವತಿಸಿ ಹೋದ ಒಂದು ವಸತಿಗೃಹದಲ್ಲಿ ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ವಿಳಾಸ ನೋಡಿದ ಸಿಬ್ಬಂದಿ ‘ಲೋಕಲ್ ಅಡ್ರೆಸ್‌ನವರಿಗೆ ರೂಮ್ ಕೊಡಲ್ಲ’ ಎಂದರು. ಮತ್ತೊಂದು ಕಡೆ ‘ಸಿಂಗಲ್ ಲೇಡೀಸ್‌ಗೆ ಇಲ್ಲ’ ಎಂಬ ಉತ್ತರ ಬಂತು. ಬೆಂಗಳೂರಿನ ವಿಳಾಸ ಇರುವುದೇ ಬೆಂಗಳೂರಿನಲ್ಲಿ ತಂಗಲು ಅಡ್ಡಿಯಾಗುವುದು ವಿಚಿತ್ರ ನ್ಯಾಯ. ವಯಸ್ಕರೊಬ್ಬರು ತಮ್ಮದೇ ಊರಿನಲ್ಲಿ ಕೋಣೆ ಪಡೆಯುವುದನ್ನು, ಅಥವಾ ಮಹಿಳೆಯೊಬ್ಬರು ಒಬ್ಬರೇ ತಂಗುವುದನ್ನು ನಿಷೇಧಿಸುವ ಕಾನೂನು ಇಲ್ಲ. ಕಾನೂನು ತೋರಿಸಿ ಎಂದು ಕೇಳಿದರೆ ‘ಪೊಲೀಸರ ತೊಂದರೆ’ ಎನ್ನುತ್ತಾರೆ. ಗುರುತಿನ ಚೀಟಿಯ ಪ್ರತಿ ಪಡೆದು, ವಿವರ ಬರೆದುಕೊಂಡ ಮೇಲೂ ಉಳಿಯುವ ಆ ತೊಂದರೆ ಯಾವುದು ಎಂಬುದನ್ನು ಪೊಲೀಸ್ ಇಲಾಖೆಯೇ ಬಹಿರಂಗವಾಗಿ ಸ್ಪಷ್ಟಪಡಿಸಿದರೆ ಒಳ್ಳೆಯದು.

2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಬಳಿಕ ರಾಜ್ಯದ ಮಹಿಳೆಯರು ಒಬ್ಬೊಬ್ಬರೇ ದೂರದ ಊರುಗಳಿಗೆ ಓಡಾಡುವುದು ಹೆಚ್ಚಾಗಿದೆ ಎಂಬುದು ಬಸ್ಸು ಹತ್ತಿದ ಯಾರಿಗೂ ಕಾಣುತ್ತದೆ. ಪ್ರಯಾಣಕ್ಕೆ ಉತ್ತೇಜನ ಕೊಟ್ಟ ಸರ್ಕಾರ ತಂಗುವಿಕೆಯ ಬಗ್ಗೆಯೂ ಯೋಚಿಸಬೇಕು. ಸ್ಥಳೀಯ ವಿಳಾಸದ ಅಥವಾ ಒಬ್ಬರೇ ಎಂಬ ಒಂದೇ ಕಾರಣಕ್ಕೆ ಕೋಣೆ ನಿರಾಕರಿಸುವಂತಿಲ್ಲ ಎಂಬ ಷರತ್ತನ್ನು ವಸತಿಗೃಹಗಳ ಪರವಾನಗಿಯಲ್ಲಿ ಸೇರಿಸಬೇಕು ಮತ್ತು ಆ ಸೂಚನೆಯನ್ನು, ದೂರು ನೀಡಬೇಕಾದ ಸಂಖ್ಯೆಯ ಸಹಿತ, ಸ್ವಾಗತ ಕೌಂಟರಿನ ಮೇಲೆ ಕನ್ನಡದಲ್ಲಿ ಹಾಕಿಸಬೇಕು ಎಂದು ಸಂಬಂಧಪಟ್ಟವರನ್ನು ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಪತ್ರಿಕೆಯ ಕಾಯಂ ಓದುಗರಲ್ಲೊಬ್ಬಳು, ಬೆಂಗಳೂರು