ರಾಜಕುಮಾರ ಕೈಬಿಟ್ಟ ಮೇಲೆ ಶುರುವಾಗುವ ಕಥೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಜಪಾನಿನ ಅನಿಮೆಗಳ, ಅಂದರೆ ಅಲ್ಲಿನ ಕಾರ್ಟೂನ್ ಧಾರಾವಾಹಿಗಳ ಬಗ್ಗೆ ಬಂದ ಲೇಖನ ಓದಿದೆ. ತನ್ನವರು ಯಾರೂ ಮೂಸಿ ನೋಡದ ಒಬ್ಬ ಹುಡುಗಿ. ಅವಳು ಬೇರೆ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಎಲ್ಲರೂ ಅವಳನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಚೆಂದದ ಗಂಡೂ ಸಿಗುತ್ತಾನೆ. ಇಂಥ ಕಥೆಗಳು ನಮ್ಮ ಹೆಣ್ಣುಮಕ್ಕಳಿಗೆ ‘ಕಷ್ಟ ಬಂದರೆ ಓಡಿಹೋಗಿ, ರಾಜಕುಮಾರನಿಗೆ ಕಾಯಿರಿ’ ಎಂದು ಕಲಿಸುತ್ತವೆ ಎನ್ನುವುದು ಲೇಖಕರ ದೂರು. ಅವರು ಪೋಸ್ಟರ್ ನೋಡಿ ಬರೆದ ಹಾಗಿದೆ. ನಾನು ಅಂಥದ್ದೊಂದನ್ನು ಮೊದಲಿಂದ ಕೊನೆವರೆಗೆ ನೋಡಿದ್ದೇನೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕುವುದಾದರೆ ಹಾಕಿ, ಕೊನೆಯ ಬೇಡಿಕೆ ಮಾತ್ರ ಬಿಡಬೇಡಿ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಮ್ ಆಫೀಸ್ ನೋಡಿಕೊಳ್ಳುತ್ತೇನೆ. ಹಾಜರಿ, ಓವರ್‌ಟೈಮ್ ಅಂದರೆ ಓಟಿ, ರಜೆ, ಪಿಎಫ್, ಇಎಸ್ಐ ಎಲ್ಲ ನನ್ನ ಟೇಬಲ್ ಮೇಲೇ ಹಾದುಹೋಗಬೇಕು. ಕಾರ್ಟೂನ್ ನೋಡುವ ವಯಸ್ಸು ದಾಟಿ ಬಹಳ ಕಾಲವಾಯಿತು. ಡಿಗ್ರಿ ಓದುವ ತಂಗಿ ಮಗಳು ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ರಾತ್ರಿ ಊಟವಾದ ಮೇಲೆ ಹಾಕಿಕೊಂಡು ಕೂತಿದ್ದನ್ನು ನಾನು ಪಾತ್ರೆ ಒರೆಸುತ್ತಾ ನೋಡಿದೆ. ಆಮೇಲೆ ಪಾತ್ರೆ ಬಿಟ್ಟು ಕೂತು ನೋಡಿದೆ.

ಅದರ ಹೆಸರು ‘ದಿ ಸೇಂಟ್ಸ್ ಮ್ಯಾಜಿಕ್ ಪವರ್ ಈಸ್ ಆಮ್ನಿಪೊಟೆಂಟ್’. ಹೆಸರೇ ಒಂದು ಮೊಳ. ಯೂಕಾ ತಾಚಿಬಾನಾ ಎಂಬ ಲೇಖಕಿ ಇದನ್ನು 2016ರಲ್ಲಿ ಇಂಟರ್‌ನೆಟ್‌ನಲ್ಲಿ ಕಂತು ಕಂತಾಗಿ ಬರೆಯಲು ಶುರುಮಾಡಿದರು. ಆಮೇಲೆ ಪುಸ್ತಕವಾಯಿತು. 2021ರಲ್ಲಿ ಡಿಯೊಮೆಡಿಯಾ ಸ್ಟುಡಿಯೋ ಅನಿಮೆ ಮಾಡಿತು, 2023ರಲ್ಲಿ ಎರಡನೇ ಸೀಸನ್ನೂ ಬಂತು. ನಾಯಕಿ ಸೇಯ್ ಆಫೀಸಿನಲ್ಲಿ ದುಡಿಯುವ ಹುಡುಗಿ. ಓಟಿ ಮುಗಿಸಿ ರಾತ್ರಿ ಸುಸ್ತಾಗಿ ಮನೆಗೆ ಬರುತ್ತಾಳೆ. ಬಾಗಿಲು ತೆಗೆಯುವಷ್ಟರಲ್ಲಿ ಸ್ಲಾಂಟಾನಿಯಾ ಅನ್ನೋ ಇನ್ಯಾವುದೋ ರಾಜ್ಯಕ್ಕೆ ಹೋಗಿ ಬೀಳುತ್ತಾಳೆ. ರಾಕ್ಷಸ ಪ್ರಾಣಿಗಳ ಕಾಟ ತಡೆಯಲು ಆ ರಾಜ್ಯದವರಿಗೆ ಒಬ್ಬ ಪವಿತ್ರ ಸ್ತ್ರೀ ಬೇಕಾಗಿರುತ್ತದೆ. ಅದಕ್ಕೆ ಮಂತ್ರ ಹಾಕಿ ಕರೆಸಿರುತ್ತಾರೆ. ಆದರೆ ಬಂದವರು ಇಬ್ಬರು. ರಾಜಕುಮಾರ ಒಳಗೆ ಬರುತ್ತಾನೆ, ಸೇಯ್ ಕಡೆ ತಿರುಗಿಯೂ ನೋಡುವುದಿಲ್ಲ, ಚಿಕ್ಕ ವಯಸ್ಸಿನ ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು ಹೊರಟುಬಿಡುತ್ತಾನೆ.

ಲೇಖಕರು ಗಮನಿಸಬೇಕು. ರಾಜಕುಮಾರ ಮೊದಲ ಕಂತಿನಲ್ಲೇ ಬಂದು, ಅಲ್ಲೇ ಕೈಬಿಟ್ಟ. ಅವನಿಗೆ ಕಾಯುವ ಪ್ರಶ್ನೆಯೇ ಇಲ್ಲ. ಇನ್ನು ಓಡಿಹೋಗುವುದು ಅಂದಿರಲ್ಲ, ಸೇಯ್ ಎಲ್ಲಿಗೂ ಓಡಿಹೋಗಿಲ್ಲ. ಅವಳನ್ನು ಒಂದು ಮಾತು ಕೇಳದೆ ಎಳೆದು ತಂದರು, ವಾಪಸ್ ಕಳಿಸುವ ದಾರಿ ಇಲ್ಲ ಅಂದರು. ಸಿಟ್ಟು ಬರುವುದಿಲ್ಲವೇ? ಅವಳಿಗೂ ಬರುತ್ತದೆ.

ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. ಅರಮನೆಯಲ್ಲಿ ಒಳ್ಳೆ ಕೋಣೆ ಕೊಟ್ಟಿರುತ್ತಾರೆ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಕೆಲಸ ಮಾತ್ರ ಇಲ್ಲ. ಬೇಜಾರಾಗಿ ಹೊರಗೆ ಅಡ್ಡಾಡುವಾಗ ಅವಳ ಕಣ್ಣಿಗೆ ಗಿಡಮೂಲಿಕೆ ತೋಟ ಬೀಳುತ್ತದೆ. ಪಕ್ಕದಲ್ಲೇ ಔಷಧಿ ಗಿಡಗಳ ಸಂಶೋಧನಾ ಸಂಸ್ಥೆ. ಸುಮ್ನೆ ಹೋಗಿ ಬಂದು ಮಾಡುತ್ತಾ, ಅಲ್ಲಿನ ಒಬ್ಬ ಹುಡುಗನಿಂದ ಗಿಡಗಳ ಬಗ್ಗೆ ತಿಳಿದುಕೊಳ್ಳುತ್ತಾ, ಕಡೆಗೆ ಇಲ್ಲೇ ಕೆಲಸ ಮಾಡುತ್ತೇನೆ ಅನ್ನುತ್ತಾಳೆ. ಸಂಸ್ಥೆಯ ಮುಖ್ಯಸ್ಥ ಆಗಲಿ ಅನ್ನುತ್ತಾನೆ. ಅರಮನೆ ಕೋಣೆ ಬಿಟ್ಟು, ಓಡಾಟ ದೂರ ಅಂತ ಸಂಸ್ಥೆಯಲ್ಲೇ ಉಳಿದುಕೊಳ್ಳುತ್ತಾಳೆ. ಆಮೇಲೆ ಇರುವುದೆಲ್ಲ ಗಿಡ ಬಿಡಿಸುವುದು, ಕುದಿಸುವುದು, ಸೋಸುವುದು, ಬಾಟಲಿಗೆ ತುಂಬುವುದು. ಅವಳು ಮಾಡಿದ ಔಷಧಿ ಬೇರೆಯವರು ಮಾಡಿದ್ದಕ್ಕಿಂತ ಒಂದೂವರೆ ಪಟ್ಟು ಕೆಲಸ ಮಾಡುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮುಖ್ಯಸ್ಥ ಅದನ್ನು ತನ್ನ ಹೆಸರಿಗೆ ಬರೆದುಕೊಳ್ಳುವುದಿಲ್ಲ. ಇನ್ನೊಂದು ಸಲ ಮಾಡಿ ತೋರಿಸು, ಯಾಕೆ ಹೀಗಾಗುತ್ತದೆ ನೋಡೋಣ ಎಂದು ಪಕ್ಕದಲ್ಲಿ ನಿಂತು ನೋಡುತ್ತಾನೆ. ಅಷ್ಟು ವರ್ಷ ಟೈಮ್ ಆಫೀಸಿನಲ್ಲಿ ಕೂತ ನನಗೆ ಇಡೀ ಅನಿಮೆಯಲ್ಲಿ ಮಾಯೆ ಅನ್ನಿಸಿದ್ದು ಇದೊಂದೇ.

ನಮ್ಮಲ್ಲಿ ಒಬ್ಬ ಟೈಲರ್ ಇದ್ದಳು. ಹೆಸರು ಹಾಕಬೇಡಿ ಅಂದಿದ್ದಾಳೆ. ಶರ್ಟಿನ ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕಾಲರಿನ ತುದಿ ಚೂಪಾಗಿ ಬರಬೇಕಲ್ಲ, ತುಂಬಾ ಜನ ಕತ್ತರಿ ಮೊನೆಯಿಂದ ಒಳಗಿಂದ ತಿವಿದು ಹೊರಡಿಸುತ್ತಾರೆ. ಬಟ್ಟೆ ತೆಳ್ಳಗಿದ್ದರೆ ತೂತು ಬೀಳುತ್ತದೆ, ಪೀಸ್ ರಿಜೆಕ್ಟ್. ಇವಳು ಮೂಲೆಗೆ ಬರುವಾಗ ಹೊಲಿಗೆಯೊಳಗೆ ಒಂದು ನೂಲು ಸಿಗಿಸಿ, ತಿರುವಿದ ಮೇಲೆ ಆ ನೂಲು ಹಿಡಿದು ಮೆತ್ತಗೆ ಎಳೆಯುತ್ತಿದ್ದಳು. ತುದಿ ಸೂಜಿಯ ಹಾಗೆ ಬಂದು ನಿಲ್ಲುತ್ತಿತ್ತು. ಹೊಸಬರಿಗೆಲ್ಲ ಅವಳೇ ಹೇಳಿಕೊಟ್ಟಳು. ಬಯರ್ ಬರುತ್ತಾರೆ ಅಂದರೆ ಸ್ಯಾಂಪಲ್ ಪೀಸಿಗೆ ಅವಳನ್ನೇ ಕರೆಯುತ್ತಿದ್ದರು. ಬಯರ್ ಬಂದಾಗ ಮಾತ್ರ ಪೀಸ್ ಕೈಯಲ್ಲಿ ಹಿಡಿದು ವಿವರಿಸುತ್ತಿದ್ದವನು ಫ್ಲೋರ್ ಇನ್‌ಚಾರ್ಜ್. ಬೋರ್ಡಿನ ಮೇಲೆ ತಿಂಗಳ ಉತ್ತಮ ಕೆಲಸಗಾರ ಅಂತ ಬಂದಿದ್ದೂ ಅವನ ಫೋಟೋನೇ. ಅವಳ ಮಗುವಿಗೆ ಜ್ವರ ಅಂತ ಅರ್ಧ ದಿನ ರಜೆ ಕೇಳಿದಾಗ ಟಾರ್ಗೆಟ್ ಯಾರು ಕೊಡ್ತಾರೆ ಅಂತ ಲೈನಿನ ಮಧ್ಯೆ ನಿಲ್ಲಿಸಿ ಕೂಗಾಡಿದರು. ನಾನು ರಿಜಿಸ್ಟರಿನಲ್ಲಿ ಅವಳ ಲೆಕ್ಕ ಚುಕ್ತಾ ಮಾಡಿದ್ದು ಅದೇ ತಿಂಗಳು.

ಈಗ ಅವಳು ನಂದಿನಿ ಬಡಾವಣೆಯ ಒಂದು ಚಿಕ್ಕ ಬೊಟಿಕ್‌ನಲ್ಲಿ ಇದ್ದಾಳೆ. ಸಂಬಳ ಸ್ವಲ್ಪ ಕಡಿಮೆಯೇ. ನಾನು ಬ್ಲೌಸ್ ಕೊಡಲು ಹೋದಾಗ ಕಿಟಕಿ ಪಕ್ಕ ಕೂತಿದ್ದಳು. ‘ಮಷೀನ್ ಎಲ್ಲಿ ಹಾಕಿಸಲಿ ಅಂತ ಓನರ್ ನನ್ನೇ ಕೇಳಿದ್ರು ಮೇಡಂ’ ಅಂದಳು. ಸಂಬಳದ ಮಾತು ಆಮೇಲೆ ಬಂತು, ಮೊದಲು ಹೇಳಿದ್ದು ಇದನ್ನು. ಅನಿಮೆಯಲ್ಲಿ ಸೇಯ್‌ಳ ಮನಸ್ಸು ಗೆಲ್ಲುವ ಸೇನಾಪತಿಯಂಥವನು ಇವಳಿಗೆ ಯಾರೂ ಸಿಕ್ಕಿಲ್ಲ. ಗಂಡ ಮೊದಲಿನವನೇ, ಆಟೋ ಓಡಿಸುತ್ತಾನೆ. ಆದರೆ ಅವಳಿಗೆ ಒಂದು ಜಾಗ ಸಿಕ್ಕಿದೆ. ಅನಿಮೆಯ ಸೇಯ್‌ಗೆ ಸಿಕ್ಕಿದ್ದೂ ಇಂಥದ್ದೇ.

ಇನ್ನೊಂದು ಸಂಗತಿ. ನಡೆದದ್ದಕ್ಕೆ ರಾಜನೇ ಖುದ್ದಾಗಿ ಸೇಯ್‌ಳ ಕ್ಷಮೆ ಕೇಳುತ್ತಾನೆ, ಏನು ಬೇಕಾದರೂ ಕೇಳು ಅನ್ನುತ್ತಾನೆ. ಒಡವೆ, ಜಮೀನು, ಬಿರುದು ಏನು ಬೇಕಾದರೂ ಕೇಳಬಹುದಿತ್ತು. ಅವಳು ಕೇಳುವುದು ಎರಡೇ. ಗ್ರಂಥಾಲಯದಲ್ಲಿ ಎಲ್ಲರಿಗೂ ಕೊಡದೆ ಬೀಗ ಹಾಕಿಟ್ಟ ಪುಸ್ತಕಗಳನ್ನು ಓದಲು ಅನುಮತಿ, ಮಂತ್ರವಿದ್ಯೆ ಕಲಿಸಲು ಒಬ್ಬ ಮೇಷ್ಟ್ರು. ರಾಜಕುಮಾರನಿಗೆ ಕಾಯುವವಳು ಇದನ್ನು ಕೇಳುತ್ತಾಳಾ? ನನ್ನ ತಂಗಿ ಮಗಳಿಗೆ ಇದು ಎಷ್ಟು ಹಿಡಿಸಿತು ಅಂದರೆ, ‘ದೊಡ್ಡಮ್ಮ, ನಮ್ಮ ಕಾಲೇಜಲ್ಲಿ ರೆಫರೆನ್ಸ್ ಸೆಕ್ಷನ್‌ಗೇ ಬಿಡಲ್ಲ’ ಅಂತ ಒಂದು ವಾರ ಗೊಣಗಿದಳು.

ಜಪಾನಿನವರು ಸುಮ್ಮಸುಮ್ಮನೆ ಇಂಥ ಕಥೆ ಕಟ್ಟಲಿಲ್ಲ ಅನ್ನುವುದನ್ನೂ ಹೇಳಬೇಕು. ದುಡಿದು ದುಡಿದು ಸಾಯುವುದಕ್ಕೆ ಅಲ್ಲಿ ಕರೋಶಿ ಅಂತ ಹೆಸರೇ ಇದೆ. ಓಟಿಗೆ ಮಿತಿ ಹಾಕಲು ಅವರು 2018ರಲ್ಲಿ ಕಾನೂನು ತಂದು 2019ರ ಏಪ್ರಿಲ್‌ನಿಂದ ಜಾರಿ ಮಾಡಿದರು. ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ. ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂದರು. ಓಟಿ ಮುಗಿಸಿ ಬಂದವಳ ಎದುರು ಬೇರೆ ಲೋಕದ ಬಾಗಿಲು ತೆರೆಯುತ್ತದೆ ಅಂದರೆ ಪೀಣ್ಯದಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಜಾಲಹಳ್ಳಿ ಕ್ರಾಸ್ ಬಸ್ ಸ್ಟಾಪಿನಲ್ಲಿ ನಿಂತ ಯಾವ ಹೆಣ್ಣುಮಗಳನ್ನಾದರೂ ಕೇಳಿ.

ವಿದೇಶಿ ಕಥೆ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಅಂತಲೂ ಲೇಖನದಲ್ಲಿತ್ತು. ಹೂವಿನ ಗಿಡವಾಗುವ ಹುಡುಗಿಯ ಕಥೆ ಅವರು ಕೇಳಿಲ್ಲವೇ? ನಮ್ಮ ಕಡೆಯ ಜನಪದ ಕಥೆ ಅದು. ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಅಂತ ಸಿನಿಮಾ ಮಾಡಿದರು. ನಮ್ಮಜ್ಜಿ ಮಾಗಡಿ ಕಡೆಯವರು, ಹೇಳುತ್ತಿದ್ದರು. ಬಡವರ ಮನೆಯ ಹುಡುಗಿ, ಎರಡು ಬಿಂದಿಗೆ ನೀರು ತರಿಸಿ, ಉಗುರು ತಾಗಿಸದ ಹಾಗೆ ಮೈಮೇಲೆ ಹೊಯ್ಯಿ ಅನ್ನುತ್ತಾಳೆ. ಗಿಡವಾಗುತ್ತಾಳೆ. ಹೂವು ಕಿತ್ತ ಮೇಲೆ ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿ. ರಾಜಕುಮಾರ ಮದುವೆಯಾಗುತ್ತಾನೆ. ಅವನಿಗೂ ಅವಳ ಹೂವಿನ ಮೇಲೇ ಕಣ್ಣು. ಅವನ ತಂಗಿ ಗೆಳತಿಯರ ಜೊತೆ ತೋಟಕ್ಕೆ ಕರೆದುಕೊಂಡು ಹೋಗಿ, ಬಲವಂತ ಮಾಡಿ ಗಿಡವಾಗಿಸಿ, ಕೊಂಬೆ ರೆಂಬೆ ಮುರಿದು ಹಾಕಿ, ಎರಡನೇ ನೀರು ಸರಿಯಾಗಿ ಹೊಯ್ಯದೆ ಬಿಟ್ಟುಬರುತ್ತಾಳೆ. ಕೈಕಾಲಿಲ್ಲದ ಮುದ್ದೆಯಾಗಿ ಬಿದ್ದವಳು ಕಡೆಗೆ ಇನ್ನೊಂದು ಊರು ಸೇರುತ್ತಾಳೆ. ಅವಳನ್ನು ಮೀಯಿಸಿ, ಒರೆಸಿ, ಉಪಚಾರ ಮಾಡುವವರು ಆ ಊರಿನ ಅರಮನೆಯವರು. ಗಂಡನಿಗೆ ಅವಳು ಸಿಗುವುದೂ ಅಲ್ಲೇ, ಮುರಿದ ಕೊಂಬೆಗಳನ್ನು ಜೋಡಿಸುವುದೂ ಆಮೇಲೆಯೇ. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಹೂವು ಎಲ್ಲರಿಗೂ ಬೇಕಿತ್ತು, ಅವಳಿಗೆ ನೋವಾಗುತ್ತದಾ ಅಂತ ಯಾರೂ ಕೇಳಲಿಲ್ಲ. ಇಂಥ ಕಥೆಯನ್ನು ಜಪಾನಿನಿಂದ ತರಿಸಿಕೊಳ್ಳುವ ಅಗತ್ಯ ನಮಗೆ ಯಾವತ್ತೂ ಇರಲಿಲ್ಲ.

ಹಾಗಂತ ಆ ಅನಿಮೆ ಅಪ್ಪಟ ಬಂಗಾರ ಅಂತ ನಾನು ಹೇಳುತ್ತಿಲ್ಲ. ಸೇಯ್ ಮತ್ತು ಆ ಸೇನಾಪತಿ ಒಬ್ಬರನ್ನೊಬ್ಬರು ನೋಡಿ ಮುಖ ಕೆಂಪಗೆ ಮಾಡಿಕೊಳ್ಳುವುದರಲ್ಲೇ ಅರ್ಧ ಕಂತು ಮುಗಿಯುತ್ತದೆ. ನಮ್ಮ ಅಮ್ಮನಿಗೆ ಭಾಷೆ ಗೊತ್ತಿಲ್ಲದಿದ್ದರೂ ‘ಮದುವೆ ಯಾವಾಗಂತೆ?’ ಅಂತ ಕೇಳಿ ಕೇಳಿ ಸುಸ್ತಾದರು. ಅದಕ್ಕಿಂತ ದೊಡ್ಡ ತಕರಾರು ನನ್ನದು ಬೇರೆ ಇದೆ. ಕಥೆ ಮುಂದೆ ಹೋದಂತೆ ಸೇಯ್‌ಳೇ ನಿಜವಾದ ಪವಿತ್ರ ಸ್ತ್ರೀ ಅಂತ ಗೊತ್ತಾಗುತ್ತದೆ. ಆಮೇಲೆ ಮರ್ಯಾದೆಯೋ ಮರ್ಯಾದೆ. ಅಲ್ಲಿಂದ ನನಗೆ ಸ್ವಲ್ಪ ರುಚಿ ಕೆಟ್ಟಿತು. ಅವಳಿಗೆ ಆ ಶಕ್ತಿ ಇಲ್ಲದೇ ಹೋಗಿದ್ದರೆ? ಬರೀ ಔಷಧಿ ಕುದಿಸುವವಳಾಗಿಯೇ ಉಳಿದಿದ್ದರೆ? ಯಾರಿಗೂ ಏನೂ ಗೊತ್ತಿಲ್ಲದಾಗ ಆ ಸಂಸ್ಥೆಯವರು ಅವಳಿಗೆ ಒಂದು ಟೇಬಲ್ ಕೊಟ್ಟರಲ್ಲ, ಕಥೆಯ ಜೀವ ಇರುವುದು ಆ ಮೊದಲ ಕಂತುಗಳಲ್ಲಿ. ನಮ್ಮ ಟೈಲರ್‌ಗೆ ಸೇಯ್‌ಳ ಮಂತ್ರಶಕ್ತಿಯ ಹಾಗೆ ಹೊಳೆಯುವ ಬಂಗಾರದ ಬೆಳಕು ಎಲ್ಲಿಂದ ಬರಬೇಕು? ಅವಳ ಹತ್ತಿರ ಇದ್ದಿದ್ದು ಒಂದು ನೂಲು ಅಷ್ಟೆ.

ರಾಜಕುಮಾರ ಕರೆದುಕೊಂಡು ಹೋದ ಆ ಇನ್ನೊಬ್ಬ ಹುಡುಗಿ ಐರಾಳ ಪಾಡನ್ನೂ ಲೇಖಕರು ನೋಡಬೇಕಿತ್ತು. ಅವಳು ಇನ್ನೂ ಹೈಸ್ಕೂಲ್ ಹುಡುಗಿ, ಅವಳನ್ನೂ ಕೇಳದೇ ತಂದಿದ್ದು. ಇವಳೇ ಪವಿತ್ರ ಸ್ತ್ರೀ ಅಂತ ರಾಜಕುಮಾರ ಹಟ ಹಿಡಿದಿದ್ದರಿಂದ ಆಗುವ ಮುಜುಗರವೆಲ್ಲ ಅವಳ ತಲೆ ಮೇಲೆ. ಇಬ್ಬರನ್ನೂ ಕಚ್ಚಾಡಿಸುವುದು ಸುಲಭ ಇತ್ತು. ನಮ್ಮ ಸಂಜೆ ಧಾರಾವಾಹಿಯಾಗಿದ್ದರೆ ಇಷ್ಟು ಹೊತ್ತಿಗೆ ಒಬ್ಬಳು ಇನ್ನೊಬ್ಬಳ ಹಾಲಿಗೆ ವಿಷ ಹಾಕಿರುತ್ತಿದ್ದಳು. ಇಲ್ಲಿ ಅದಿಲ್ಲ, ಐರಾಳಿಗೂ ಮುಂದೆ ಕಲಿಯಲು, ದುಡಿಯಲು ಒಂದು ಕಡೆ ಸಿಗುತ್ತದೆ.

ಈಗ ನನ್ನ ಬೇಡಿಕೆ. ಇದನ್ನು ಕನ್ನಡದಲ್ಲಿ ನೋಡುವ ಹಾಗಾಗಬೇಕು. ನಾನು ನೋಡಿದ್ದು ಜಪಾನಿ ಮಾತು, ಇಂಗ್ಲಿಷ್ ಅಕ್ಷರ. ತಂಗಿ ಮಗಳು ಪಕ್ಕದಲ್ಲಿ ಕೂತು ಹೇಳದಿದ್ದರೆ ನನಗೆ ಅರ್ಧ ದಕ್ಕುತ್ತಿರಲಿಲ್ಲ. ಅನಿಮೆ ತೋರಿಸುವ ಆ್ಯಪ್ ಕ್ರಂಚಿರೋಲ್‌ನವರು ಹಲವು ಅನಿಮೆಗಳನ್ನು ಹಿಂದಿ, ತಮಿಳು, ತೆಲುಗಿನಲ್ಲಿ ಮಾತನಾಡಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಇಲ್ಲಿನ ಥಿಯೇಟರ್‌ಗಳಿಗೆ ಬಂದಾಗಲೂ ಜಪಾನಿ, ಇಂಗ್ಲಿಷ್ ಜೊತೆ ಇದ್ದಿದ್ದು ಅದೇ ಮೂರು ಭಾಷೆ. ಬೆಂಗಳೂರಿನಲ್ಲಿ ಟಿಕೆಟ್ ಮಾರುತ್ತೀರಿ, ಕನ್ನಡ ಮಾತ್ರ ಬೇಡವೇ? ಕನ್ನಡಕ್ಕೆ ಡಬ್ಬಿಂಗ್ ತಡೆಯುವುದು ತಪ್ಪು ಅಂತ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದ ಹಾಗೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿ ಆಗಿದೆ. 2020ರ ಲಾಕ್‌ಡೌನ್‌ನಲ್ಲಿ ಮಹಾಭಾರತ ಕನ್ನಡದಲ್ಲಿ ಬಂದಾಗ ನಮ್ಮ ಬೀದಿಯಲ್ಲಿ ಕೃಷ್ಣ ಕನ್ನಡ ಮಾತಾಡಿದ ಅಂತ ಯಾರೂ ಟಿವಿ ಒಡೆಯಲಿಲ್ಲ. ದನಿ ಕೊಡುವ ಕಲಾವಿದರು ನಮ್ಮಲ್ಲೇ ಇದ್ದಾರೆ, ಅವರಿಗೂ ಕೆಲಸ ಸಿಕ್ಕ ಹಾಗಾಗುತ್ತದೆ. ನಿಮ್ಮ ಸಿನಿಮಾ ಪುಟದವರು ಕಂಪನಿಯವರನ್ನು, ಚಾನೆಲ್‌ನವರನ್ನು ಇದರ ಬಗ್ಗೆ ಒಂದು ಸಲ ಕೇಳಲಿ.

ಹಾಗೆ ಯಾವ ಚಾನೆಲ್‌ನವರಾದರೂ ಹಾಕುವುದಾದರೆ, ಹೆಂಗಸರ ಕಾರ್ಯಕ್ರಮ ಅಂತ ಮಧ್ಯಾಹ್ನ ಎರಡು ಗಂಟೆಗೆ ಹಾಕಬೇಡಿ. ಆ ಹೊತ್ತಿಗೆ ನಾವೆಲ್ಲ ಲೈನ್ ಮೇಲೆ ಇರುತ್ತೇವೆ. ರಾತ್ರಿ ಒಂಬತ್ತೂವರೆ ಮೇಲೆ ಹಾಕಿ, ಓಟಿ ಇದ್ದವರೂ ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ.

ಇಂತಿ,
ನಿಮ್ಮ ಓದುಗಿ
ಲಗ್ಗೆರೆ, ಬೆಂಗಳೂರು