ಧನುರ್ಮಾಸದ ಬೇಕರಿ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ಹುಡುಗಿ,

ನಿನ್ನ ಪ್ರೇಮಕಾದಂಬರಿಯ ಮೊದಲ ಮೂರು ಅಧ್ಯಾಯ ಬಂದು ತಲುಪಿದವು. ಎರಡು ಸಲ ಓದಿದೆ. ಮೊದಲ ಸಲ ಕಾಫಿ ಕುಡಿಯುತ್ತಾ, ಎರಡನೇ ಸಲ ಪೆನ್ಸಿಲ್ ಹಿಡಿದು. "ಮೇಡಂ, ನನ್ನನ್ನು ನೀವು ಅನ್ನಬೇಡಿ" ಅಂತ ಬರೆದಿದ್ದೀಯ. ಆಯ್ತು. ಹಾಗಾದರೆ ನೀನೂ ಮೇಡಂ ಬಿಡು, ಅಕ್ಕ ಅಂದರೆ ಸಾಕು.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಕಥೆಯ ಅಜ್ಜಿ. ಹುಡುಗನ ಜಾತಕ ಕೇಳುವ ಮುಂಚೆ ಅವನು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತಾರಲ್ಲ, ಅದು ಸುಮ್ನೆ ಮೇಜಿನ ಮುಂದೆ ಕೂತರೆ ಹೊಳೆಯುವ ಸಾಲಲ್ಲ. ಯಾರನ್ನೋ ಹತ್ತಿರದಿಂದ ನೋಡಿದ್ದೀಯ. ಅಜ್ಜಿ ಬಾಯಿ ತೆರೆದಾಗಲೆಲ್ಲ ನಾನು ನಕ್ಕೆ.

ಇನ್ನು ಬೇಕರಿ. ಅದು ಮಲ್ಲೇಶ್ವರದಲ್ಲಿದೆ ಅಂತ ಬರೆದಿದ್ದೀಯ. ಆದರೆ ಅದರ ಕಿಟಕಿಗೆ ಮಂಜು ಕಟ್ಟಿದೆ. ಬಾಗಿಲಿಗೆ ಗಂಟೆ ಇದೆ, ತೆಗೆದರೆ ಟಿಣ್ ಅನ್ನುತ್ತದೆ. ಒಳಗೆಲ್ಲ ದಾಲ್ಚಿನ್ನಿ ರೋಲಿನ ವಾಸನೆ. ನಾಯಕಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದಿದ್ದಾಳೆ, ಮೂಗಿನ ಮೇಲೆ ಮೈದಾ ಮೆತ್ತಿದೆ, ನಾಯಕ ಬೆರಳಿನಿಂದ ಒರೆಸುತ್ತಾನೆ. ಈ ಬೇಕರಿ ಮಲ್ಲೇಶ್ವರದಲ್ಲಿಲ್ಲ ಕಣೆ, ಟೀವಿಯಲ್ಲಿದೆ. ನಮ್ಮ ಬೇಕರಿಗೆ ಬಾಗಿಲೇ ಇಲ್ಲ, ಶಟರ್ ಇದೆ. ಎತ್ತಿದರೆ ಬೀದಿಗೆಲ್ಲ ಕೇಳುತ್ತದೆ. ಗಿರಾಕಿ ಒಳಗೆ ಬರುವುದಿಲ್ಲ, ಫುಟ್‌ಪಾತಿನಲ್ಲಿ ನಿಂತು ಗಾಜಿನ ಮೇಲೆ ಬೆರಳಿಟ್ಟು "ಅದು ಎರಡು, ಇದು ಒಂದು" ಅನ್ನುತ್ತಾನೆ. ಪ್ರೇಮಿಗಳಿಗೆ ಮೂಲೆ ಟೇಬಲ್ ಇಲ್ಲ. ಇರುವುದು ಒಂದು ಸ್ಟೀಲ್ ಕಟ್ಟೆ, ಅದರ ಮೇಲೆ ನಾಲ್ಕು ಜನರ ಟೀ ಲೋಟ. ಖಾರ ಬನ್ನಿನ ಈರುಳ್ಳಿ, ಹಸಿಮೆಣಸಿನಕಾಯಿ ವಾಸನೆ ಬರುವ ಜಾಗದಲ್ಲಿ ಪ್ರೀತಿ ಹೇಗೆ ಶುರುವಾಗುತ್ತದೆ? ನಿನ್ನ ಕಾದಂಬರಿ ಉತ್ತರ ಹೇಳಬೇಕಾದ ಪ್ರಶ್ನೆ ಇದು.

ನೀನು ಆಚೆಯಿಂದ ತಂದಿದ್ದೆಲ್ಲ ಇಲ್ಲಿ ಆಗಲೇ ಇತ್ತು, ಇನ್ನೂ ಜೋರಾಗಿತ್ತು. ಬೋರ್ಡಿನಿಂದ ಶುರು ಮಾಡೋಣ.

ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ "ಅಯ್ಯಂಗಾರ್ ಬೇಕರಿ". ಇದರ ಕಥೆ ನಿನಗೆ ಗೊತ್ತಿರಬಹುದು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಅಂಗಡಿ ಹಾಕಿದರು. ಮೊದಲು ಸಿಹಿತಿಂಡಿ ಮಾರುತ್ತಿದ್ದವರಿಗೆ ವೆಸ್ಟ್ ಎಂಡ್ ಹೋಟೆಲಿನ ಕಡೆಯ ಒಬ್ಬ ಆಂಗ್ಲ ಗಿರಾಕಿ ಬ್ರೆಡ್ ಸುಡುವುದನ್ನು ಹೇಳಿಕೊಟ್ಟರಂತೆ. ಆ ಅಂಗಡಿಯೇ ಬಿ.ಬಿ. ಬೇಕರಿ. ಆಮೇಲೆ ಹಾಸನ ಜಿಲ್ಲೆಯ ಹೆಬ್ಬಾರ್ ಅಯ್ಯಂಗಾರರು ಒಬ್ಬರ ಹಿಂದೆ ಒಬ್ಬರು ಬಂದರು. ಈಗ ಪುಣೆ, ಮುಂಬೈಯಲ್ಲೂ ಈ ಬೋರ್ಡು ಸಿಗುತ್ತದೆ. ಆದರೆ ಬೋರ್ಡಿನ ಕೆಳಗೆ ನಿಂತವರೆಲ್ಲ ಇವತ್ತು ಅಯ್ಯಂಗಾರರಲ್ಲ. ಅದೇ ಹಾಸನ ಜಿಲ್ಲೆಯ ಬೇರೆ ಬೇರೆ ಮನೆತನದ ಹುಡುಗರು ಅಲ್ಲಿ ಕೆಲಸ ಕಲಿತು ತಮ್ಮದೇ ಅಂಗಡಿ ಹಾಕಿದ್ದಾರೆ. ಹೆಸರು ಮಾತ್ರ ಅದೇ, ಯಾಕೆಂದರೆ ಜನಕ್ಕೆ ಬೇಕಾಗಿರುವುದು ಆ ಹೆಸರು.

ಈಗ ಅಯ್ಯಂಗಾರ್ ಮನೆತನದ ನಿನ್ನ ಅಜ್ಜಿಯನ್ನು ಆ ಬೋರ್ಡಿನ ಮುಂದೆ, ಬೇಕರಿ ಹುಡುಗನ ಎದುರು ನಿಲ್ಲಿಸು.

"ಊರು ಯಾವುದಪ್ಪಾ?"

"ಹಾಸನದ ಕಡೆ ಅಜ್ಜಿ."

"ಹಾಸನದಲ್ಲಿ ಎಲ್ಲಿ?"

"ಹೊಳೆನರಸೀಪುರದ ಹತ್ರ."

"ಮನೆ ದೇವರು?"

"ರಂಗನಾಥ."

ಹುಡುಗ ಗೌಡರ ಮನೆಯವನು. ಗೌಡರ ಎಷ್ಟೋ ಮನೆಗಳಿಗೂ ರಂಗನಾಥನೇ ದೇವರು. ಅವನು ಒಂದು ಸುಳ್ಳೂ ಹೇಳಿಲ್ಲ ನೋಡು. ಇವನೂ ಅಯ್ಯಂಗಾರನೇ ಅಂದುಕೊಂಡು ಅಜ್ಜಿ ತಾನಾಗಿಯೇ ಗುಂಡಿ ತೋಡಿ ತಾನಾಗಿಯೇ ಬಿದ್ದರು. ನಿನ್ನ ಎರಡನೇ ಅಧ್ಯಾಯದಲ್ಲಿ ನಾಯಕ ತಾನು ಪತ್ರಕರ್ತ ಅಂತ ಸುಳ್ಳು ಹೇಳಿಕೊಂಡು ಬರುತ್ತಾನೆ. ಅದನ್ನು ತೆಗೆದುಬಿಡು. ಸುಳ್ಳು ಹೇಳಿದವನನ್ನು ಓದುಗರು ಕ್ಷಮಿಸಬೇಕು, ಅದಕ್ಕೆ ನಿನಗೆ ಐವತ್ತು ಪುಟ ಖರ್ಚು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸಿಕ್ಕಿಹಾಕಿಕೊಂಡವನನ್ನು ಮೊದಲ ಪುಟದಲ್ಲೇ ಪ್ರೀತಿಸುತ್ತಾರೆ.

ಹಬ್ಬದ ಪ್ರೇಮಕಥೆಯಲ್ಲಿ ಜಾತಿ ಯಾಕೆ ಅಂತ ಹೆದರಬೇಡ. ಮಲ್ಲೇಶ್ವರದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಗಂಡು ಹುಡುಕುವ ಕಥೆಯಲ್ಲಿ ಅದು ಇರಲೇಬೇಕು, ಇಲ್ಲದಿದ್ದರೆ ಕಥೆಯೇ ಸುಳ್ಳು. ಭಾಷಣ ಮಾತ್ರ ಬೇಡ. ಮೇಲಿನ ಐದಾರು ಸಾಲಿನಲ್ಲಿ ಎಷ್ಟು ಬಂತೋ ಅಷ್ಟು ಸಾಕು.

ಇನ್ನು ಹಬ್ಬ. ನೀನು ಕ್ರಿಸ್‌ಮಸ್ ಇಟ್ಟಿದ್ದೀಯ. ತಪ್ಪೇನಿಲ್ಲ, ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಹಳೆಯದು. ಆದರೆ ನಿನ್ನ ಕಥೆಯ ಮನೆಯವರು ಅದನ್ನು ದೂರದಿಂದ ನೋಡುವವರು. ಆ ಡಿಸೆಂಬರಿನಲ್ಲಿ ಅವರ ಮನೆಯೊಳಗೆ ಏನು ನಡೆಯುತ್ತಿರುತ್ತದೆ ಹೇಳು? ಧನುರ್ಮಾಸ! ಡಿಸೆಂಬರ್ 16ರ ಹೊತ್ತಿಗೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. ಸೂರ್ಯ ಹುಟ್ಟುವ ಮುಂಚೆ ಪೂಜೆ, ಬಿಸಿ ಹುಗ್ಗಿ, ದಿನಕ್ಕೊಂದು ತಿರುಪ್ಪಾವೈ ಪಾಶುರ, ಅಂದರೆ ಕವಯಿತ್ರಿ ಆಂಡಾಳ್ ಕಟ್ಟಿದ ತಮಿಳು ಭಕ್ತಿಹಾಡಿನ ಒಂದು ಪದ್ಯ. ಒಟ್ಟು 30. ನಿನ್ನ ಕಾದಂಬರಿಗೆ ಎಷ್ಟು ಅಧ್ಯಾಯ ಅಂತ ಕೇಳಿದ್ದೆಯಲ್ಲ, ಆಂಡಾಳ್ ಆಗಲೇ ಎಣಿಸಿಟ್ಟಿದ್ದಾಳೆ.

ಇನ್ನೂ ಮಜಾ ಇದೆ. ಧನುರ್ಮಾಸ ಶೂನ್ಯಮಾಸ. ಮದುವೆ ಮಾತು ಎತ್ತುವ ಹಾಗಿಲ್ಲ. "ಸಂಕ್ರಾಂತಿ ಆಗಲಿ, ಗಂಡಿನ ಕಡೆಯವರು ಬರುತ್ತಾರೆ" ಅಂತ ಅಜ್ಜಿ ಹೇಳಿ ಸುಮ್ಮನಾಗಬೇಕು. ನಾಯಕಿಗೆ ಮೂವತ್ತು ದಿನ ರಜೆ ಸಿಕ್ಕ ಹಾಗಾಯಿತು. ಗಡಿಯಾರ ಓಡುತ್ತಾ ಇದೆ, ಯಾರೂ ಅದರ ಮಾತಾಡುವಂತಿಲ್ಲ. ಅಷ್ಟೇ ಅಲ್ಲ. ಅಜ್ಜಿ ಬೆಳಿಗ್ಗೆ ಎದ್ದು ಭಕ್ತಿಯಿಂದ ಹಾಡುವುದು ಯಾರ ಹಾಡು? ಮನುಷ್ಯರಲ್ಲಿ ಯಾರನ್ನೂ ಒಲ್ಲೆ, ನಾನು ಆರಿಸಿದವನನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿದ ಹುಡುಗಿಯದು. ಹಾಡು ಮುಗಿಸಿ ಬಂದು ಮೊಮ್ಮಗಳಿಗೆ "ನಿನಗೇನು ಗೊತ್ತಾಗುತ್ತೆ, ನಾವು ನೋಡ್ತೀವಿ" ಅನ್ನುತ್ತಾರೆ. ಇದನ್ನು ನೀನು ವಿವರಿಸಬೇಡ. ಎರಡನ್ನೂ ಒಂದೇ ಪುಟದಲ್ಲಿ ಇಡು, ಸಾಕು.

ಅವರಿಬ್ಬರು ಭೇಟಿಯಾಗುವುದು ಹೇಗೆ? ನೀನು ಕಾಫಿ ಚೆಲ್ಲಿಸಿದ್ದೀಯ. ಬೇಡ. ಬೆಳಿಗ್ಗೆ ನಾಲ್ಕೂವರೆಗೆ ಮಲ್ಲೇಶ್ವರದಲ್ಲಿ ಎದ್ದಿರುವವರು ಎರಡೇ ಥರದ ಜನ: ದೇವಸ್ಥಾನಕ್ಕೆ ಹೊರಟವರು, ಬೇಕರಿಯವರು. ಅಜ್ಜಿಯ ಕೈ ಹಿಡಿದು ಹುಡುಗಿ ವೇಣುಗೋಪಾಲಸ್ವಾಮಿ ಗುಡಿಗೆ ಹೊರಟಿದ್ದಾಳೆ. ಅರ್ಧ ಎತ್ತಿದ ಶಟರಿನ ಕೆಳಗೆ ಬೆಳಕು ಕಾಣುತ್ತದೆ, ಎರಡು ಕಾಲು ಕಾಣುತ್ತವೆ. ಮುಖ ಕಾಣುವುದಿಲ್ಲ. ಎರಡು ಮೂರು ದಿನ ಬರೀ ಕಾಲೇ ಇರಲಿ. ಆಮೇಲೆ ಬರುವಾಗ ದೊನ್ನೆಯಲ್ಲಿ ಹುಗ್ಗಿ, ಆ ಕಡೆಯಿಂದ ಬಿಸಿ ಬನ್ನು. ಅಜ್ಜಿಯೇ ಕೊಡಿಸಲಿ, ಅವಳಾಗಿ ಕೊಡುವುದು ಬೇಡ.

ಬೇಕರಿ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನೇ ಅಲ್ಲಿ ಪೆಟ್ಟು ತಿಂದವಳು. ನನ್ನ ಮೊದಲ ಕಾದಂಬರಿಯಲ್ಲಿ ಒಬ್ಬ ಹುಡುಗ ಓವನ್ನಿನಿಂದ ಆಗ ತಾನೇ ತೆಗೆದ ಹನಿ ಕೇಕಿಗೆ ಜಾಮ್ ಸವರಿ ಕೊಡುತ್ತಾನೆ. ಬೇಕರಿ ಮನೆಯ ಹೆಣ್ಣುಮಗಳೊಬ್ಬರು ಕಾರ್ಡು ಬರೆದರು: "ಬಿಸಿ ಕೇಕಿಗೆ ಜಾಮ್ ಸವರಿದ್ದರೆ ನಮ್ಮಪ್ಪ ನಿಮ್ಮನ್ನು ಸೌಟು ತಗೊಂಡು ಓಡಿಸುತ್ತಿದ್ದರು." ಸಿಹಿ ನೀರು ಹೀರಬೇಕು, ಆರಬೇಕು, ಆಮೇಲೆ ಜಾಮ್, ಮೇಲೆ ಕೊಬ್ಬರಿ ಪುಡಿ. ಆ ಕಾರ್ಡು ಇನ್ನೂ ಇಟ್ಟುಕೊಂಡಿದ್ದೇನೆ. ಎರಡನೇ ಕಾದಂಬರಿಗೆ ಮುಂಚೆ ಹಾಸನದ ಕಡೆ ಒಂದು ಹಳೇ ಬೇಕರಿಯಲ್ಲಿ ಮೂರು ರಾತ್ರಿ ಕೂತೆ.

ಅಲ್ಲಿ ಸೌದೆ ಒಲೆ ಇತ್ತು. ಈಗ ಕಡಿಮೆ, ಆದರೂ ಅಲ್ಲಲ್ಲಿ ಇದೆ. ಅದಕ್ಕೆ ಒಂದು ಸಲ ಬೆಂಕಿ ಹಾಕಿ ಕಾಯಿಸಿದರೆ ಆಮೇಲೆ ಕಾವು ಇಳಿಯುತ್ತಾ ಹೋಗುತ್ತದೆ. ಕಾವು ಜೋರಾಗಿದ್ದಾಗ ಬ್ರೆಡ್, ಬನ್ನು. ಸ್ವಲ್ಪ ಇಳಿದ ಮೇಲೆ ಕೇಕು, ಬಿಸ್ಕತ್ತು. ಕೊನೆಯಲ್ಲಿ ಉಳಿದ ಬೆಚ್ಚಗಿನ ಕಾವಿನಲ್ಲಿ ರಸ್ಕು ಒಣಗುತ್ತದೆ. ಬ್ರೆಡ್ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಿಸಿದರೆ ಬೈಯುತ್ತಾರೆ. ರಸ್ಕಿನ ಹೊತ್ತಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಊರಿನ ಸಾಲ, ತಂಗಿಯ ಮದುವೆ, ಎಲ್ಲ. ನಿನ್ನ ಮೂರನೇ ಅಧ್ಯಾಯದಲ್ಲಿ ನಾಯಕ ಬ್ರೆಡ್ ತೆಗೆಯುತ್ತಾ ತನ್ನ ಬಾಲ್ಯದ ದುಃಖ ಹೇಳಿಕೊಳ್ಳುತ್ತಾನೆ. ಬ್ರೆಡ್ ಸೀದುಹೋಗುತ್ತೆ ಮಹರಾಯ್ತಿ. ಅದನ್ನು ರಸ್ಕಿಗೆ ಹಾಕು.

ಇನ್ನೊಂದು. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಬೇಗ ಉಬ್ಬುವುದಿಲ್ಲ. ಬೇಸಿಗೆಯಲ್ಲಿ ಕಾದಷ್ಟೇ ಕಾದರೆ ಬನ್ನು ಕಲ್ಲಾಗುತ್ತದೆ. ಅವನು ಬೇಗ ಏಳಲೇಬೇಕು. ಅವಳು ಅದನ್ನು ತನಗೋಸ್ಕರ ಅಂದುಕೊಳ್ಳಲಿ. ಸ್ವಲ್ಪ ದಿನ ಆದ ಮೇಲೆ ನಿಜವಾಗಿಯೂ ಅವಳಿಗೋಸ್ಕರ ಏಳುವಾಗ ಅವಳು "ಓ, ಈಸ್ಟಿಗೆ ಚಳಿ ಅಲ್ವಾ" ಅನ್ನಲಿ.

ನಗುವನ್ನು ಕನ್ನಡದಲ್ಲೇ ಹುಡುಕು. ನಿನ್ನ ಜೋಕುಗಳು ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದು ಸುಸ್ತಾಗಿವೆ. ಕೇಕಿನ ಮೇಲೆ ಹೆಸರು ಬರೆಯುವ ಹುಡುಗನಿಗೆ ಗಿರಾಕಿ ಫೋನಿನಲ್ಲಿ ಹೇಳುತ್ತಾನೆ: "ಹ್ಯಾಪಿ ಬರ್ತ್‌ಡೇ ಎಲ್ಲ ಬೇಡ, ಬರೀ ದೀಪಾ ಅಂತ ಬರೀ." ಸಂಜೆ ಡಬ್ಬಿ ತೆಗೆದರೆ ಕೇಕಿನ ಮೇಲೆ ಗುಲಾಬಿ ಕ್ರೀಮಿನಲ್ಲಿ "ಬರೀ ದೀಪಾ". ಇದು ಬೇರೆ ಭಾಷೆಗೆ ಹೋಗುವುದಿಲ್ಲ. ಹೋಗದೇ ಇರುವುದೇ ಚಂದ.

ಈಗ ದೊಡ್ಡ ದೃಶ್ಯ, ಡಿಸೆಂಬರ್ 31. ನಮ್ಮ ಬೇಕರಿಗಳ ನಿಜವಾದ ಹಬ್ಬ ಅದೇ. ಅಂಗಡಿ ಮುಂದೆ ಶಾಮಿಯಾನ, ಮಿಣಮಿಣ ದೀಪ, ಉದ್ದ ಟೇಬಲ್ಲಿನ ಮೇಲೆ ಸಾಲು ಸಾಲು ಕೇಕು. ಎಲ್ಲದರ ಮೇಲೂ ಮೊದಲೇ "ಹ್ಯಾಪಿ ನ್ಯೂ ಇಯರ್". ಊರಿನಿಂದ ತಮ್ಮ, ಭಾವ, ಪಕ್ಕದ ಮನೆ ಹುಡುಗ ಎಲ್ಲ ಬಂದು ಡಬ್ಬಿ ಕಟ್ಟುತ್ತಾರೆ. ಮೊಟ್ಟೆ ಹಾಕಿದ್ದೀರಾ ಅಂತ ನೂರು ಸಲ ಕೇಳುತ್ತಾರೆ. ನೀನು 2025ರ ವರ್ಷ ಆರಿಸಿಕೋ. ಆ ವರ್ಷ ವೈಕುಂಠ ಏಕಾದಶಿ ಡಿಸೆಂಬರ್ 30ಕ್ಕೆ ಬಿದ್ದಿತ್ತು. ಒಂದು ದಿನ ವೈಯಾಲಿಕಾವಲಿನ ತಿರುಪತಿ ದೇವಸ್ಥಾನದ ಮುಂದೆ ಕ್ಯೂ, ಮರುದಿನ ಬೇಕರಿ ಮುಂದೆ ಕ್ಯೂ. ಅಜ್ಜಿ ಎರಡರಲ್ಲೂ ನಿಲ್ಲಲಿ. ದ್ವಾದಶಿ ಪಾರಣೆ ಮಾಡಿ, ಅಗಸೆ ಸೊಪ್ಪು, ನೆಲ್ಲಿಕಾಯಿ ತಿಂದ ಬಾಯಲ್ಲಿ ಅದೇ ರಾತ್ರಿ ಕೇಕು. ಆ ಗಲಾಟೆಯಲ್ಲಿ ಯಾರ ಹೆಸರು ಬರೆಯುವುದಕ್ಕೂ ಪುರುಸೊತ್ತಿಲ್ಲ. "ಇವತ್ತು ಹೆಸರು ಬರೆಯೋದಿಲ್ಲ ಸಾರ್" ಅಂತ ಸಂಜೆಯಿಂದ ಕೂಗುತ್ತಿರುವವನು ಒಂದು ಹೆಸರು ಬರೆದರೆ ಸಾಕು. ನಿನ್ನ "ಐ ಲವ್ ಯು" ಬೇಡ.

ಕೊನೆಯನ್ನು ಹೊಸ ವರ್ಷಕ್ಕೆ ಮುಗಿಸಬೇಡ, ಎಲ್ಲರೂ ಮಾಡುವುದು ಅದನ್ನೇ. ಧನುರ್ಮಾಸದ ಇಪ್ಪತ್ತೇಳನೇ ದಿನದವರೆಗೆ ತಡಿ. ಅವತ್ತು ಕೂಡಾರವಲ್ಲಿ, ಜನವರಿ 11ರ ಸುಮಾರಿಗೆ ಬರುತ್ತದೆ. ಮೊಣಕೈವರೆಗೆ ತುಪ್ಪ ಹರಿಯಬೇಕು ಅನ್ನುತ್ತದೆ ಆ ದಿನದ ಪಾಶುರ. ಮನೆಯಲ್ಲಿ ಅಕ್ಕಾರವಡಿಸಲ್, ಅಂದರೆ ಹಾಲು, ಬೆಲ್ಲ, ತುಪ್ಪದ ಸಿಹಿ ಅನ್ನ ಮಾಡುತ್ತಾರೆ, ಒಟ್ಟಿಗೆ ಕೂತು ಉಣ್ಣುವ ದಿನ. ಹುಡುಗನನ್ನು ಅಂದು ಆ ಮನೆಯ ಊಟಕ್ಕೆ ಕೂರಿಸು. ಅವನು ಮೊದಲ ಸಲ ಅಂಗಡಿಯ ಆ ಕಡೆಯಿಂದ ಈ ಕಡೆಗೆ ಬಂದಿದ್ದಾನೆ. ಅವನ ಮೊಣಕೈ ಮೇಲೆ ತುಪ್ಪ ಇಳಿಯುತ್ತಿದೆ, ಅವಳು ನೋಡುತ್ತಿದ್ದಾಳೆ. ಮೂಗಿನ ಮೇಲಿನ ಮೈದಾಕ್ಕಿಂತ ಇದು ವಾಸಿ ಅಲ್ವಾ?

ಒಂದೇ ಒಂದು ವಿಷಯ ನನಗೆ ತಲೆಯಲ್ಲಿ ಕೊರೆಯುತ್ತಿದೆ. ನಿನ್ನ ಅಜ್ಜಿ ಹೆಬ್ಬಾರ್ ಅಯ್ಯಂಗಾರರ ಮನೆಮಾತಾದ ಹೆಬ್ಬಾರ್ ತಮಿಳು ಮಾತಾಡುವವರು. ಬೇಕರಿ ಮುಂದೆ ಮೊದಲ ದಿನವೇ ಒಂದು ಮಾತನ್ನಾದರೂ ಮನೆಮಾತಿನಲ್ಲಿ ಕೇಳಿರುತ್ತಾರೆ. ಆ ಹುಡುಗ ಕನ್ನಡದಲ್ಲೇ ಉತ್ತರ ಕೊಟ್ಟಿರುತ್ತಾನೆ. ಚಪ್ಪಲಿ ನೋಡಿಯೇ ಮನುಷ್ಯರನ್ನು ಅಳೆಯುವ ಅಜ್ಜಿಗೆ ಅದು ಗೊತ್ತಾಗಲಿಲ್ಲವಾ? ಗೊತ್ತಾಗಿದ್ದರೆ ದಿನಾ ಬೆಳಿಗ್ಗೆ ಅದೇ ಬೀದಿಯಲ್ಲೇ ಯಾಕೆ ಮೊಮ್ಮಗಳನ್ನು ಕರೆದುಕೊಂಡು ಹೋದರು, ಗುಡಿಗೆ ಹತ್ತಿರದ ದಾರಿ ಬೇರೆ ಇದೆಯಲ್ಲ?

ನನಗೆ ಉತ್ತರ ಬರೆಯಬೇಡ. ನಾಲ್ಕನೇ ಅಧ್ಯಾಯ ಕಳಿಸು.

ಇಂತಿ,
ನಿನ್ನ ಅಕ್ಕ