ಟ್ಯೂಬ್ ಜೊತೆ ದೂರ ಹೋದ ನಮ್ಮ ಮಗಳನ್ನು ಕರೆತಂದವರಿಗೆ

ಕಳೆದ ಭಾನುವಾರ ಮಕ್ಕಳನ್ನು ನೀರಾಟಕ್ಕೆ ಕರೆದುಕೊಂಡು ಹೋಗಿದ್ದೆವು. ದಡದ ಹತ್ತಿರ ನೀರು ಮೊಣಕಾಲುದ್ದ, ಅಲೆಯೇ ಇಲ್ಲ. ಆರು ವರ್ಷದ ಮಗಳು ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತಿದ್ದಳು. ಚಿಕ್ಕವನಿಗೆ ಟೋಪಿ ಹಾಕಲು ತಿರುಗಿದೆ, ಅಷ್ಟೇ. ಮತ್ತೆ ನೋಡಿದರೆ ಟ್ಯೂಬ್ ದೂರ ಹೋಗಿಬಿಟ್ಟಿತ್ತು.

ನಾನು ನೀರಿಗೆ ನುಗ್ಗಲು ಹೊರಟೆ. ಲೈಫ್‌ಗಾರ್ಡ್ ಒಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. "ನೀವು ಇಲ್ಲೇ ನಿಂತು ಕೂಗ್ತಾ ಇರಿ. ಟ್ಯೂಬ್ ಬಿಡಬೇಡ ಅಂತ ಹೇಳಿ" ಎಂದರು. ಉದ್ದನೆಯ ಹಲಗೆಯ ಮೇಲೆ ಮಲಗಿ, ಎರಡೂ ಕೈಯಿಂದ ನೀರು ತಳ್ಳುತ್ತಾ ಹೊರಟೇಬಿಟ್ಟರು. ಅವಳನ್ನು ಹಲಗೆಗೆ ಹತ್ತಿಸಿಕೊಂಡು ಬರುವಾಗ ಏನೋ ಮಾತಾಡಿಸುತ್ತಲೇ ಇದ್ದರು. ದಡಕ್ಕೆ ಬಂದಾಗ ಮಗಳು ಅಳುತ್ತಿರಲಿಲ್ಲ. ನಾನು ಅಳುತ್ತಿದ್ದೆ.

ಅವಳ ತುಟಿ ನೀಲಿಯಾಗಿತ್ತು. ಮೊದಲು ಒದ್ದೆ ಬಟ್ಟೆ ತೆಗೆಯಿರಿ ಎಂದು ತಮ್ಮದೇ ಟವೆಲ್ ಕೊಟ್ಟರು, ತಲೆಗೂ ಸುತ್ತಿಸಿದರು. ನಡುಕ ನಿಲ್ಲುವವರೆಗೂ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಿದ್ದರು. ಬೈಯಲಿಲ್ಲ, ಸುಮ್ನೆ ತಿಳಿಸಿ ಹೇಳಿದರು: ದಡದಿಂದ ನೀರಿನ ಕಡೆಗೆ ಗಾಳಿ ಬೀಸುವಾಗ ಹತ್ತಿರದ ನೀರು ಶಾಂತವಾಗಿಯೇ ಕಾಣುತ್ತದೆ. ಆದರೆ ಟ್ಯೂಬ್ ಹಗುರ ಅಲ್ವಾ, ನಾವು ಈಜುವುದಕ್ಕಿಂತ ಜಾಸ್ತಿ ವೇಗವಾಗಿ ಸಾಗಬಹುದು. ಅದರ ಹಿಂದೆ ಈಜಿ ಹೋದವರೇ ಸುಸ್ತಾಗಿ ಮುಳುಗುವುದುಂಟು.

ಲೈಫ್‌ಗಾರ್ಡ್ ಅವರೇ, ಹೊರಡುವಾಗ ನಿಮಗೆ ಥ್ಯಾಂಕ್ಸ್ ಹೇಳಲು ಬಂದೆ. ನೀವು ನೀರಿನಿಂದ ಕಣ್ಣು ತೆಗೆಯದೆಯೇ ಕೈ ಎತ್ತಿದಿರಿ. ಹೆಸರು ಕೇಳಲು ಆಗಲೇ ಇಲ್ಲ.

ನಿಮ್ಮ ಟವೆಲ್ ನಮ್ಮಲ್ಲೇ ಉಳಿದಿದೆ. ಒಗೆದು ಮಡಚಿಟ್ಟಿದ್ದೇವೆ. ಮುಂದಿನ ಭಾನುವಾರ ಮಗಳೇ ತಂದುಕೊಡುತ್ತಾಳಂತೆ.